ಆರನೇ ಕೂಲರಿನ ಸದ್ದು

ಮಾರ್ಚ್ 3, ಸೋಮವಾರ
ಕೋಣೆ 25.4 ಡಿಗ್ರಿ. ಕಿಟಕಿ ಮುಚ್ಚಿದೆ.

ಆರು ಡಬ್ಬಗಳೂ ಬಂದವು. ಮೂರು ಸಲ ಮೆಟ್ಟಿಲು ಹತ್ತಿಳಿದು ತಂದೆ. ಅಕ್ಕ ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತಿ, "ಏನೋ ವಿಜ್ಞಾನಿ, ಅಂಗಡಿ ಮುಚ್ಚಿದ್ರು ಅಂತ ಅಂಗಡೀನೇ ಮನೆಗೆ ಹೊತ್ಕೊಂಡು ಬಂದ್ಯಾ?" ಅಂದಳು. ಅಂದವಳೇ ಕೆಮ್ಮಿದಳು. ಅವಳು ಈಗ ಹೊಲಿಯುತ್ತಿರುವುದು ಯಾವುದೋ ಸಭಾಂಗಣದ ಪರದೆ. ದಪ್ಪ ಹಸಿರು ಮಖಮಲ್ಲು. ಕತ್ತರಿ ಹಾಕಿದಾಗಲೆಲ್ಲ ಅದರ ನೂಲಿನ ಧೂಳು ಮನೆ ತುಂಬ ಹಾರುತ್ತದೆ. ಎರಡು ವಾರದಿಂದ ಇದೇ ಕೆಮ್ಮು.

ಈ ಪುಸ್ತಕ ನಾನು ಬಿಟ್ಟರೆ ಯಾರೂ ಓದುವುದಿಲ್ಲ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನನಗೆ ಈ ಕೆಲಸ ಬೇಕು. ಹನ್ನೊಂದು ವರ್ಷ ಕಂಪ್ಯೂಟರ್ ಅಂಗಡಿಯಲ್ಲಿ ರಿಪೇರಿ ಮಾಡಿದವನು, ಅಂಗಡಿ ಮುಚ್ಚಿದ ಮೇಲೆ ಎಂಟು ತಿಂಗಳಿಂದ ಅಕ್ಕನ ಮನೆಯ ಒಳಕೋಣೆಯಲ್ಲಿ ಬಿದ್ದುಕೊಂಡಿದ್ದೇನೆ. ನನಗೆ ಮೂವತ್ತೊಂಬತ್ತು. ಬೆಳಗ್ಗೆ ಕಣ್ಣು ಬಿಟ್ಟರೆ ಅದೇ ಸೂರು, ಅದೇ ಬಿರುಕು. ಈಗ ಒಂದು ಪತ್ರಿಕೆಯ ಸಂಪಾದಕರು ಒಂದು ಲೇಖನ ಕೇಳಿದ್ದಾರೆ: ಪ್ರೊಸೆಸರಿನ ದುಬಾರಿ ಕೂಲರುಗಳು ಆ ಬೆಲೆಗೆ ತಕ್ಕವೇ? ಇಪ್ಪತ್ತನಾಲ್ಕಕ್ಕೆ ಕೊಡಬೇಕು. ಚೆನ್ನಾಗಿ ಬಂದರೆ ಅವರ ಪರೀಕ್ಷಾ ವಿಭಾಗದಲ್ಲಿ ಕಾಯಂ ಕೆಲಸ. ಅಲ್ಲಿ ನಿಜವಾದ ಲ್ಯಾಬಿದೆ, ನಿಜವಾದ ಏಸಿ ಇದೆ. ಸಿಕ್ಕರೆ ಈ ಗೂಡಿನಿಂದ ಪಾರು.

ಅಕ್ಕನಿಗೆ ಕೂಲರ್ ಅಂದರೇನು ಅಂತ ಹೇಳಿದೆ. ಕಂಪ್ಯೂಟರಿನ ಮಿದುಳು ಕೆಲಸ ಮಾಡುತ್ತಾ ಮಾಡುತ್ತಾ ಬಿಸಿಯಾಗುತ್ತದೆ, ಅದರ ನೆತ್ತಿಯ ಮೇಲೆ ಕೂತು ಆ ಬಿಸಿ ಎಳೆದು ಗಾಳಿಗೆ ಬಿಡುವ ಲೋಹದ ಗಟ್ಟಿ, ಅದಕ್ಕೊಂದು ಫ್ಯಾನು, ಅಷ್ಟೇ. "ಹಂಗಾದ್ರೆ ನಿನ್ನ ನೆತ್ತಿಗೂ ಒಂದು ಕೂರಿಸ್ಕೋ," ಅಂದಳು.

ಮಾರ್ಚ್ 4, ಮಂಗಳವಾರ
ಕೋಣೆ 25.1.

ಸಂಪಾದಕರ ಕಟ್ಟಳೆಗಳು: ಕೋಣೆ ಇಪ್ಪತ್ತೈದಕ್ಕೂ ಇಪ್ಪತ್ತಾರಕ್ಕೂ ನಡುವೆ ಇರಬೇಕು. ಕಿಟಕಿ ತೆಗೆಯಬಾರದು, ಚಾವಣಿಯ ಫ್ಯಾನು ಹಾಕಬಾರದು, ಬಾಗಿಲ ಸಂದಿಯಿಂದ ಗಾಳಿ ನುಗ್ಗಬಾರದು. ಪ್ರತಿ ಕೂಲರನ್ನೂ ಕೂರಿಸಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಒಂದು ಗಂಟೆ ಓಡಿಸಿ ಬಿಸಿ ಬರೆದುಕೊಳ್ಳಬೇಕು. ಸದ್ದನ್ನು ಮೀಟರಿನಲ್ಲಿ ಅಳೆದು ಮೈಕಿನಲ್ಲಿ ರೆಕಾರ್ಡೂ ಮಾಡಬೇಕು, ಆಗ ಮನೆಯಲ್ಲಿ ಬೇರೆ ಸದ್ದು ಇರಕೂಡದು.

ಕೆಳಗಡೆ ಬಡಗಿಯ ಗರಗಸ ಊಟಕ್ಕೆ ನಿಲ್ಲುವುದು ಒಂದರಿಂದ ಎರಡೂವರೆ. ಆ ಒಂದೂವರೆ ಗಂಟೆ ನನ್ನದು. ಅಕ್ಕನಿಗೂ ಹೇಳಿದೆ: ಒಂದರಿಂದ ಎರಡೂವರೆ ಮೆಷಿನ್ ಇಲ್ಲ, ನಲ್ಲಿ ಇಲ್ಲ, ರೇಡಿಯೋ ಇಲ್ಲ. "ಉಸಿರು?" ಅಂತ ಕೇಳಿದಳು. "ನಿಧಾನಕ್ಕೆ," ಅಂದೆ. ನಕ್ಕುಬಿಟ್ಟಳು. ಬಾಗಿಲ ಸಂದಿಗೆ ತುರುಕಲು ಮಖಮಲ್ಲಿನ ಚೂರುಗಳನ್ನು ಅವಳೇ ಸುರುಳಿ ಸುತ್ತಿ ಕೊಟ್ಟಳು.

ಎಲ್ಲ ಆರಿಸಿ ಬರೀ ಕೋಣೆಯ ಸದ್ದು ಅಳೆದೆ: 27 ಡೆಸಿಬೆಲ್. ಮನೆ ಹೀಗಿದ್ದರೆ ಸಾಕು.

ಮಾರ್ಚ್ 6, ಗುರುವಾರ
ಕೋಣೆ 25.7.

ಹಾಳಾಯಿತು, ಇವತ್ತಿನದು ಪೂರ್ತಿ ಹಾಳಾಯಿತು.

ಒಂದನೇ ಕೂಲರ್, ಅಂದರೆ ಎಲ್ಲಕ್ಕಿಂತ ಅಗ್ಗದ್ದು. ನಿನ್ನೆ ಅದರ ಬಿಸಿ ಅಳೆದಿದ್ದೆ, 88 ಡಿಗ್ರಿ. ಸದ್ದು 43, ಜೇನುಹುಳ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ. ಇವತ್ತು ಫ್ಯಾನಿನ ವೇಗ ಇಳಿಸಿ ಮತ್ತೆ ಅಳೆಯಬೇಕಿತ್ತು. ಮೀಟರಿನ ಮುಳ್ಳು ಹದಕ್ಕೆ ಬಂದು ನಿಂತಿತ್ತು. ಅಷ್ಟರಲ್ಲಿ ಅಕ್ಕ ಕೆಮ್ಮಿದಳು. ಒಂದಲ್ಲ ಎರಡಲ್ಲ, ನಿಲ್ಲಲೇ ಇಲ್ಲ. ಮುಳ್ಳು ಎಗರಿ ಬಿತ್ತು. ನನಗೆ ಎಲ್ಲಿತ್ತೋ ಸಿಟ್ಟು, ಬಾಗಿಲು ತೆಗೆದು ಕೂಗಿಬಿಟ್ಟೆ: "ಬಾಯಿಗೆ ಒಂದು ಬಟ್ಟೆ ತುರುಕ್ಕೊಳ್ಳೋಕೆ ಆಗಲ್ವಾ? ಮನೆ ತುಂಬ ಬಟ್ಟೆ ಇದೆಯಲ್ಲ!"

ಅವಳು ಕೈ ಎತ್ತಿ, ಆಯ್ತು ಆಯ್ತು ಅನ್ನುವ ಹಾಗೆ ಆಡಿಸಿದಳು.

ಹಾಗೆ ಅನ್ನಬಾರದಿತ್ತೇನೋ. ಆದರೆ ಬಿಸಿಯಾದ ಕೋಣೆ ಮತ್ತೆ ಇಪ್ಪತ್ತೈದಕ್ಕೆ ಇಳಿಯಬೇಕಾದರೆ ಎರಡು ಗಂಟೆ ಕಾಯಬೇಕು, ಅಷ್ಟರಲ್ಲಿ ಗರಗಸ ಶುರುವಾಗಿರುತ್ತದೆ. ಒಂದು ದಿನ ಅಂದರೆ ಒಂದು ದಿನವೇ. ಅವಳಿಗೆ ಅದು ಹೇಗೆ ಅರ್ಥವಾಗಬೇಕು?

ಮಾರ್ಚ್ 7, ಶುಕ್ರವಾರ
ಕೋಣೆ 25.3.

ಒಳ್ಳೆಯ ದಿನ. ಮನೆ ಪಿಟ್ಟೆನ್ನಲಿಲ್ಲ. ಒಂದನೇ ಕೂಲರ್ ಮುಗಿಯಿತು, ಎರಡನೇದು ಕೂರಿಸಿದೆ. ಅಕ್ಕ ಒಂದು ಸಲ ಹೇಳಿದರೆ ಸಾಕು, ಕೇಳುತ್ತಾಳೆ.

ಮಾರ್ಚ್ 10, ಸೋಮವಾರ
ಕೋಣೆ 25.9. ಹಗಲಿನ ಬಿಸಿಲು ಏರುತ್ತಿದೆ.

ಅಕ್ಕ ರಸ್ತೆ ಕೊನೆಯ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಮೂರು ವಾರದ ಕೆಮ್ಮು ಒಳ್ಳೆಯದಲ್ಲವಂತೆ. ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಬೇಕಂತೆ. ಅಲ್ಲಿಯವರೆಗೆ ಧೂಳಿನ ಕೆಲಸ ಕಡಿಮೆ ಮಾಡಬೇಕು, ಮನೆಯೊಳಗೆ ಗಾಳಿ ಆಡಬೇಕಂತೆ.

"ಗಾಳಿ ಬರೋದು ನಿನ್ನ ಕೋಣೆ ಕಿಟಕಿಯಿಂದಾನೇ ಕಣೋ," ಅಂದಳು. ಹೌದು. ಈ ಮನೆ ಕಟ್ಟಿದ ಪುಣ್ಯಾತ್ಮ ಎದುರುಬದುರು ಇಟ್ಟಿರುವುದು ಎರಡೇ: ಮುಂದಿನ ಬಾಗಿಲು, ನನ್ನ ಕಿಟಕಿ. ಕಿಟಕಿ ಮುಚ್ಚಿ ಕೋಣೆಯ ಬಾಗಿಲೂ ಹಾಕಿದರೆ ಹೊರಗಿನ ಕೋಣೆಗೆ ಏನೂ ಬರುವುದಿಲ್ಲ.

"ಅಕ್ಕ, ಇಪ್ಪತ್ನಾಲ್ಕರವರೆಗೆ ತಡಿ. ಈಗ ಕಿಟಕಿ ತೆಗೆದ್ರೆ ಇಲ್ಲಿವರೆಗೆ ಮಾಡಿದ್ದೆಲ್ಲ ಮಣ್ಣುಪಾಲು. ಇಪ್ಪತ್ತೈದಕ್ಕೆ ನಾನೇ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸ್ತೀನಿ."

"ನನಗೂ ಪರದೆ ಮುಗೀಬೇಕಲ್ಲ. ಒಟ್ಟಿಗೆ ಹೋಗೋಣ ಬಿಡು."

ಒಪ್ಪಿದಳು. ನಾನೇನು ಬಲವಂತ ಮಾಡಲಿಲ್ಲ. ಇನ್ನೂ ಎರಡು ವಾರ ತಾನೇ.

ಮಾರ್ಚ್ 12, ಬುಧವಾರ
ಕೋಣೆ 25.5.

ಮೂರನೇದು 84 ಡಿಗ್ರಿ. ನಾಲ್ಕನೇದು 82. ಒಂದನೇದಕ್ಕಿಂತ ಆರು ಡಿಗ್ರಿ ಕಡಿಮೆ, ಬೆಲೆ ಮೂರು ಪಟ್ಟು! ಆರನೇದನ್ನು ನಾನು ದೊರೆ ಅಂತ ಕರೆಯುತ್ತೇನೆ. ಲೋಹದ ಎರಡು ಗೋಪುರ, ಎರಡು ಫ್ಯಾನು, ಡಬ್ಬದೊಳಗೆ ಮೆತ್ತನೆಯ ಹಾಸು, ಒಂದು ಸ್ಕ್ರೂಡ್ರೈವರ್ ಬೇರೆ ಉಡುಗೊರೆ. ಅದೊಂದರ ಬೆಲೆಗೆ ಅಗ್ಗದ್ದು ಹನ್ನೊಂದು ಬರುತ್ತವೆ. ಅದು ಎಷ್ಟು ಇಳಿಸೀತು, ಎಂಬತ್ತಕ್ಕೆ? ಪ್ರೊಸೆಸರಿಗೆ ಎಂಬತ್ತೆರಡಾದರೂ ಒಂದೇ, ಎಂಬತ್ತಾದರೂ ಒಂದೇ. ಹತ್ತು ವರ್ಷ ಓಡುತ್ತದೆ. ಲೇಖನ ಮನಸ್ಸಿನಲ್ಲೇ ಬರೆದಾಗಿದೆ: ತಗೋಬೇಡಿ, ನಾಲ್ಕನೇದರಲ್ಲಿ ನಿಲ್ಲಿ.

ಊಟಕ್ಕೆ ಕೂತಾಗ ಇದನ್ನೇ ಅಕ್ಕನಿಗೆ ಹೇಳಿದೆ. ಅವಳು ತನ್ನ ಸೂಜಿಯ ಡಬ್ಬಿ ತಂದು ಮುಂದಿಟ್ಟಳು.

"ಇದು ಹತ್ತು ರೂಪಾಯಿಗೆ ಹತ್ತು ಬರೋ ಸೂಜಿ. ಇದು ಅದರ ಐದರಷ್ಟು ಬೆಲೆದು. ಮಖಮಲ್ಲಿಗೆ ನಾನು ಹಾಕೋದು ಇದನ್ನೇ. ಯಾಕೆ ಹೇಳು?"

"ಮುರಿಯಲ್ಲ."

"ಎರಡೂ ಮುರಿಯುತ್ತೆ. ಅಗ್ಗದ್ದು ಚುಚ್ಚುವಾಗ ಟಕ್ ಅನ್ನುತ್ತೆ, ಒಳ್ಳೇದು ಅನ್ನಲ್ಲ. ಸೂಜಿ ಸದ್ದು ಮಾಡದೆ ಇದ್ರೆ ಮೆಷಿನ್ನು ಏನು ಹೇಳ್ತಿದೆ ಅಂತ ಕೇಳ್ಸುತ್ತೆ. ಎಣ್ಣೆ ಬೇಕಾ, ದಾರ ಬಿಗಿಯಾಯ್ತಾ, ಎಲ್ಲ ಗೊತ್ತಾಗುತ್ತೆ."

ಲೇಖನಕ್ಕೆ ಬರುವಂಥದ್ದೇನೂ ಅಲ್ಲ, ಆದರೂ ಬರೆದಿಟ್ಟಿದ್ದೇನೆ. ಅಕ್ಕ ಅರ್ಧ ತಟ್ಟೆ ಬಿಟ್ಟು ಎದ್ದಳು.

ಮಾರ್ಚ್ 14, ಶುಕ್ರವಾರ
ಕೋಣೆ 26.2. ಮಿತಿ ಮೀರಿತು. ಕಾಯಬೇಕು.

ಉದ್ದ ಹನ್ನೊಂದು ಹೆಜ್ಜೆ, ಅಗಲ ಏಳು. ಇವತ್ತು ಎಷ್ಟು ಸಲ ಅಳೆದೆನೋ ಲೆಕ್ಕವಿಲ್ಲ. ಬನಿಯನ್ನು ಹಿಂಡಿದರೆ ನೀರು. ಗಾಜಿನಾಚೆ ಎದುರುಮನೆಯ ತಾರಸಿಯಲ್ಲಿ ಒಣಹಾಕಿದ ಹಾಸಿಗೆ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿರುವುದು ಕಾಣುತ್ತದೆ, ಗಾಳಿ ಮಾತ್ರ ಮೈಗೆ ತಾಗುವುದಿಲ್ಲ. ಥರ್ಮಾಮೀಟರು ನೋಡು, ಬರೆ. ಪ್ರೊಸೆಸರಿನ ಮೇಲೆ ಬಿಸಿ ಎಳೆಯಲು ಹಚ್ಚಿದ ಹಳೇ ಪೇಸ್ಟು ಒರೆಸು, ಬಟಾಣಿ ಕಾಳಿನಷ್ಟು ಹೊಸದು ಹಾಕು, ಕೂರಿಸು. ನೋಡು, ಬರೆ. ನನ್ನನ್ನು ಇಲ್ಲಿ ಯಾರೂ ಕೂಡಿಹಾಕಿಲ್ಲ, ಚಿಲಕ ನನ್ನ ಕಡೆಗೇ ಇದೆ. ಆದರೂ ಬೋನಿಗೆ ಬಿದ್ದ ಇಲಿಯ ಹಾಗೆ ಸುತ್ತುತ್ತಿದ್ದೇನೆ. ಅಯ್ಯೋ, ಸಾಕಪ್ಪ ಸಾಕು ಅನ್ನಿಸುತ್ತದೆ. ಹತ್ತೇ ದಿನ.

ಅಕ್ಕ ಒಂದು ಗಂಟೆಯಾಗುತ್ತಿದ್ದ ಹಾಗೆ ಹಿತ್ತಲಕಡೆಯ ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ನನ್ನ ಕೋಣೆಯ ಬಾಗಿಲಿಗೆ ಅದೇ ಮನೆಯಲ್ಲಿ ಎಲ್ಲಕ್ಕಿಂತ ದೂರದ ಮೂಲೆ. ಒಳ್ಳೆಯದೇ ಆಯಿತು. ಕೆಮ್ಮೂ ಕಡಿಮೆಯಾದ ಹಾಗಿದೆ.

ಮಾರ್ಚ್ 17, ಸೋಮವಾರ
ಕೋಣೆ 25.2.

ದೊರೆ ಪಟ್ಟಕ್ಕೇರಿದ!

ಬಿಸಿ 79. ನಾಲ್ಕನೇದಕ್ಕಿಂತ ಮೂರೇ ಡಿಗ್ರಿ ಕಡಿಮೆ, ನಾನು ಅಂದುಕೊಂಡ ಹಾಗೇ. ಆದರೆ ಸದ್ದು! ವೇಗ ತಗ್ಗಿಸಿದಾಗ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಅಂತ ಬೆರಳು ಹಿಡಿದು ನೋಡಬೇಕಾಯಿತು. ಮೀಟರಿನಲ್ಲಿ 28. ಖಾಲಿ ಕೋಣೆಗೂ ಇದಕ್ಕೂ ಒಂದೇ ಒಂದು ಅಂತರ. ಎರಡು ವಾರ ಜೇನುಹುಳುಗಳ ಜೊತೆ ಇದ್ದ ಕಿವಿಗೆ ತಣ್ಣೀರು ಕುಡಿದ ಹಾಗಾಯಿತು.

ಆದರೆ ರೆಕಾರ್ಡಿಂಗಿನಲ್ಲಿ ಒಂದು ಸಣ್ಣ ಸದ್ದಿದೆ. ಗುಕ್. ಸ್ವಲ್ಪ ಹೊತ್ತು ಬಿಟ್ಟು ಗುಕ್, ಗುಕ್. ಹೆಡ್‌ಫೋನ್ ಹಾಕಿದರೆ ಮಾತ್ರ ಕೇಳಿಸುತ್ತದೆ. ಫ್ಯಾನಿನ ಬೇರಿಂಗು ಇರಬೇಕು. ನಾಳೆ ನೋಡೋಣ.

ಮಾರ್ಚ್ 18, ಮಂಗಳವಾರ
ಕೋಣೆ 25.4.

ಇವತ್ತೂ ಇದೆ. ನಿನ್ನೆಗಿಂತ ಜಾಸ್ತಿ. ಒಂದೂವರೆ ಗಂಟೆಯಲ್ಲಿ ನಲವತ್ತೊಂದು ಸಲ. ಹಳೆಯ ಐದು ಕೂಲರುಗಳ ರೆಕಾರ್ಡಿಂಗ್ ಕೇಳಿದೆ, ಯಾವುದರಲ್ಲೂ ಇಲ್ಲ. ಇದ್ದರೂ ಅವುಗಳ ಗಲಾಟೆಯಲ್ಲಿ ಕೇಳುತ್ತಿರಲಿಲ್ಲ ಅನ್ನಿ. ಮೊದಲ ದಿನದ ಖಾಲಿ ಕೋಣೆಯ ರೆಕಾರ್ಡಿಂಗಿನಲ್ಲೂ ಇಲ್ಲ. ಅಂದಮೇಲೆ ದೊರೆಯದೇ.

ಸಂಪಾದಕರಿಗೆ ಫೋನ್ ಮಾಡಿದೆ. ಪುಣ್ಯಾತ್ಮರು ಕುಣಿದಾಡಿಬಿಟ್ಟರು. "ಏನ್ರೀ, ಎಲ್ಲಕ್ಕಿಂತ ದುಬಾರಿ ಕೂಲರಿನಲ್ಲೇ ದೋಷಾನಾ? ಇದು ಮುಖಪುಟದ ಸುದ್ದಿ ಕಣ್ರೀ! ಎರಡನೇ ಪೀಸ್ ತರಿಸ್ತೀನಿ, ಅದರಲ್ಲೂ ಹೀಗೇ ಇದ್ರೆ ಕೆಲಸ ನಿಮ್ಮದೇ ಅಂತ ತಿಳ್ಕೊಳ್ಳಿ."

ಕೆಲಸ ನಿಮ್ಮದೇ! ಖುಷಿಗೆ ಹೊರಗೆ ಬಂದು ಅಕ್ಕನಿಗೆ ಹೇಳಿದೆ. "ನನಗೊತ್ತಿತ್ತು ಬಿಡೋ," ಅಂದಳು. ಧ್ವನಿ ಒಡೆದುಹೋಗಿದೆ. ಪರದೆಯ ರಾಶಿಗೆ ಒರಗಿ ಕೂತಿದ್ದಳು, ಹೆಗಲ ಮೇಲೆ ಶಾಲು. ಈ ಸೆಕೆಯಲ್ಲಿ ಶಾಲು ಯಾಕೆ ಅಂದೆ. "ಯಾಕೋ ಚಳಿ," ಅಂದಳು.

ಮಾರ್ಚ್ 20, ಗುರುವಾರ
ಕೋಣೆ 25.3.

ಎರಡನೇ ಪೀಸ್ ಬಂತು. ಕೂರಿಸಿದೆ. ಗುಕ್. ಅದೇ ಸದ್ದು! ಐವತ್ತೆಂಟು ಸಲ. ಸಂಪಾದಕರು ಆಗಲೇ ತಲೆಬರಹ ಕೂಡ ಕಳಿಸಿದ್ದಾರೆ.

ದೊರೆಯನ್ನು ತಯಾರಿಸುವ ಕಂಪನಿಯವನೊಬ್ಬ ಫೋನ್ ಮಾಡಿದ್ದ, ಪಾಪ, ಮೆತ್ತಗಿನ ಮನುಷ್ಯ. "ಸರ್, ನಮ್ಮ ಬೇರಿಂಗ್ ಆ ಥರ ಸದ್ದು ಮಾಡೋ ಜಾತೀದೇ ಅಲ್ಲ. ಮನೇಲಿ ಬೇರೆ ಏನಾದ್ರೂ ಇದೆಯಾ ನೋಡ್ತೀರಾ?" ಮನೇಲಿ ಒಂದು ನೊಣ ಕೂಡ ಹಾರಲ್ಲ ಸ್ವಾಮಿ ಅಂದೆ. ಹೆಮ್ಮೆಯಿಂದಲೇ ಅಂದೆ.

ಮಾರ್ಚ್ 21, ಶುಕ್ರವಾರ
ಕೋಣೆ 25.6.

ವಿಚಿತ್ರ. ದೊರೆಯ ಎರಡೂ ಫ್ಯಾನಿನ ವೈರು ಕಿತ್ತುಹಾಕಿ ಸುಮ್ಮನೆ ರೆಕಾರ್ಡ್ ಮಾಡಿದೆ. ಆದರೂ ಗುಕ್.

ಎರಡು ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆಯಿತು: ಇದು ಬೇರಿಂಗಲ್ಲ, ಲೋಹ. ಕೂಲರಿನೊಳಗಿನ ಬಿಸಿಯಾದ ತಾಮ್ರದ ಕೊಳವೆ ತಣಿಯುವಾಗ ಕುಗ್ಗಿ ಮಾಡುವ ಸದ್ದು. ಬೆಸುಗೆ ಸಡಿಲ ಇರಬೇಕು. ಇನ್ನೂ ದೊಡ್ಡ ದೋಷ! ಸಂಪಾದಕರಿಗೆ ಮೂರು ಪುಟ ಬರೆದು ಕಳಿಸಿದೆ. ಅಂಗಡಿಯಲ್ಲಿ ಹನ್ನೊಂದು ವರ್ಷ ಕಳೆದದ್ದು ಸುಮ್ಮನೆ ಹೋಗಲಿಲ್ಲ.

ಖಾತ್ರಿಗೆ ಒಂದೇ ಒಂದು ಅಳತೆ ಉಳಿದಿದೆ. ನಾಳೆ ಬೆಳಗ್ಗೆಯಿಂದ ಕಂಪ್ಯೂಟರ್ ಹಾಕುವುದೇ ಇಲ್ಲ. ಲೋಹ ಪೂರ್ತಿ ತಣ್ಣಗಿರುವಾಗ ಸದ್ದು ಇಲ್ಲ ಅಂತ ತೋರಿಸಿದರೆ ಮುಗಿಯಿತು.

ಮಾರ್ಚ್ 22, ಶನಿವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುತ್ತಿಲ್ಲ. ಕೈಗೆ ಏನಾದರೂ ಕೆಲಸ ಬೇಕು.

ಒಂದು ಗಂಟೆಗೆ ಗರಗಸ ನಿಂತಿತು. ಕಂಪ್ಯೂಟರ್ ಆರಿತ್ತು, ಪ್ಲಗ್ಗೇ ಕಿತ್ತಿದ್ದೆ. ಲೋಹ ಕಲ್ಲಿನ ಹಾಗೆ ತಣ್ಣಗಿತ್ತು. ಹೆಡ್‌ಫೋನ್ ಹಾಕಿಕೊಂಡು ಕೂತೆ.

ಗುಕ್.

ದೊರೆಯನ್ನು ಎರಡೂ ಕೈಯಲ್ಲಿ ಕಿತ್ತು ಮಂಚದ ಮೇಲಿಟ್ಟೆ, ಮಗುವನ್ನು ಮಲಗಿಸಿದ ಹಾಗೆ. ಬರೀ ಮೇಜು, ಮೈಕು, ನಾನು. ಗುಕ್, ಗುಕ್. ಆಮೇಲೆ ಗೊರಗೊರ ಅಂತ ಎಳೆದ ಉಸಿರು. ಕೂಲರು ಉಸಿರೆಳೆಯುವುದಿಲ್ಲ. ಹೆಡ್‌ಫೋನ್ ಕಿತ್ತೆಸೆದು ಮೇಜಿನ ಹಿಂದಿನ ಗೋಡೆಗೆ ಕಿವಿ ಹಚ್ಚಿದೆ.

ಬಟ್ಟೆ ಒಗೆಯುವ ಜಾಗಕ್ಕೂ ನನ್ನ ಮೇಜಿಗೂ ನಡುವೆ ಇರುವುದು ಆ ಗೋಡೆ ಒಂದೇ. ಬಾಗಿಲಿನಿಂದ ನಡೆದರೆ ಅದು ಮನೆಯ ಕೊನೆ. ಗೋಡೆಯಿಂದ ನೋಡಿದರೆ ನನ್ನ ಮಗ್ಗುಲು. ಇಷ್ಟು ದಿನ ಇಬ್ಬರಿಗೂ ಇದು ಹೊಳೆದಿರಲಿಲ್ಲ.

ಓಡಿದೆ. ಅಕ್ಕ ಒಗೆಯುವ ಕಲ್ಲಿನ ಮೇಲೆ ಮುದುರಿಕೊಂಡು ಕೂತಿದ್ದಳು. ಮಖಮಲ್ಲಿನ ಚೂರುಗಳನ್ನು ದಪ್ಪಗೆ ಮಡಿಸಿ ದಿಂಬಿನ ಹಾಗೆ ಹೊಲಿದುಕೊಂಡಿದ್ದಾಳೆ, ಅದಕ್ಕೆಂದೇ, ಅಂಚು ಕೂಡ ಮಡಚಿ ನೀಟಾಗಿ ಹೊಲಿದಿದ್ದಾಳೆ. ಅದನ್ನು ಎರಡೂ ಕೈಯಲ್ಲಿ ಬಾಯಿಗೊತ್ತಿ ಹಿಡಿದು ಅದರೊಳಗೆ ಕೆಮ್ಮುತ್ತಿದ್ದಳು. ಮುಖವೆಲ್ಲ ಕೆಂಪು, ಕಣ್ಣಲ್ಲಿ ನೀರು. ನನ್ನನ್ನು ಕಂಡು ಗಾಬರಿಯಾಗಿ ಕೈಗಡಿಯಾರ ನೋಡಿದಳು.

"ಎರಡೂವರೆ ಆಯ್ತಾ?"

"ಅಕ್ಕ, ಏನಿದು!"

"ಕೇಳ್ಸಿಬಿಡ್ತಾ? ಅಯ್ಯೋ, ಇಲ್ಲಿಗೆ ಬಂದ್ರೆ ಕೇಳ್ಸಲ್ಲ ಅಂತ... ನಿನ್ನ ಅಳತೆ ಕೆಟ್ಟು ಹೋಯ್ತಾ?"

ಹಣೆ ಮುಟ್ಟಿದೆ. ಕೈ ಸುಟ್ಟ ಹಾಗಾಯಿತು. ಡಿಗ್ರಿಯ ಹತ್ತನೇ ಒಂದು ಭಾಗ ತೋರಿಸುವ ಥರ್ಮಾಮೀಟರು ನನ್ನ ಕೋಣೆಯಲ್ಲಿ ಮೂರಿವೆ. ಇಪ್ಪತ್ತು ದಿನದಲ್ಲಿ ಒಂದು ಸಲವೂ ಅವಳ ಹಣೆ ಮುಟ್ಟಿ ನೋಡಿರಲಿಲ್ಲ.

ಮೆಟ್ಟಿಲಿಳಿಯಲು ಅವಳ ಕೈಲಿ ಆಗಲಿಲ್ಲ. ಬಡಗಿ ಊಟ ಬಿಟ್ಟು ಬಂದು ಕುರ್ಚಿ ಸಮೇತ ಎತ್ತಿಕೊಂಡ. ಇಳಿಯುವಾಗ ಅವನು, "ವಾರದಿಂದ ಈ ಕೆಮ್ಮು ಕೇಳ್ತಾನೇ ಇದ್ದೆ ಸ್ವಾಮಿ, ಕೊಳಾಯಿ ಪೈಪಿನಲ್ಲಿ. ನೀವು ಮನೇಲೇ ಇದ್ದೀರಲ್ಲ ಅಂತ ಸುಮ್ಮನಿದ್ದೆ," ಅಂದ.

ಮಾರ್ಚ್ 23, ಭಾನುವಾರ

ನ್ಯುಮೋನಿಯಾ. ಬಲಗಡೆಯ ಶ್ವಾಸಕೋಶದ ಸುತ್ತ ನೀರು ತುಂಬಿದೆ, ತೆಗೆಯುತ್ತಿದ್ದಾರೆ. ಮೂಗಿಗೆ ಆಮ್ಲಜನಕದ ಕೊಳವೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಹತ್ತನೇ ತಾರೀಕಿಗೇ ಎಕ್ಸ್‌ರೇಗೆ ಬರೆದುಕೊಟ್ಟಿದ್ದಾರಲ್ಲ, ಯಾಕೆ ತೆಗೆಸಲಿಲ್ಲ?" ಅಂದರು.

ಕೋಣೆ ಇಪ್ಪತ್ತೈದು ಡಿಗ್ರಿ ಇರಬೇಕಾಗಿತ್ತು ಅಂತ ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 24, ಸೋಮವಾರ
ಕೋಣೆ 25.0.

ಬಟ್ಟೆಬರೆ ತೆಗೆದುಕೊಂಡು ಹೋಗಲು ಮನೆಗೆ ಬಂದೆ. ಒಂದು ಗಂಟೆಯಾಗಿತ್ತು. ಗರಗಸ ನಿಂತಿತ್ತು. ಮೀಟರ್ ಹಾಗೇ ಹಚ್ಚಿಟ್ಟಿತ್ತು: 25 ಡೆಸಿಬೆಲ್. ಮೊದಲ ದಿನ 27 ಇತ್ತು. ಆ ಎರಡು ಡೆಸಿಬೆಲ್ ಅಕ್ಕ ಮನೆಯಲ್ಲಿರುವುದಕ್ಕೆ ಅಂತ ಈಗ ಗೊತ್ತಾಯಿತು. ಅಳತೆಗೆ ಹೇಳಿ ಮಾಡಿಸಿದ ಹಾಗಿತ್ತು ಮನೆ. ನಿಂತುಕೊಳ್ಳಲು ಆಗಲಿಲ್ಲ. ಹೊರಗಿನ ಕೋಣೆಗೆ ಹೋಗಿ ಅವಳ ಮೆಷಿನ್ನಿನ ಸ್ವಿಚ್ಚು ಹಾಕಿ, ಬಟ್ಟೆಯಿಲ್ಲದೆ ದಾರವಿಲ್ಲದೆ ಸುಮ್ಮನೆ ಓಡಿಸಿದೆ. ಟಕ್ ಅನ್ನಲಿಲ್ಲ. ಒಳ್ಳೆಯ ಸೂಜಿ ಹಾಕಿದ್ದಾಳೆ.

ಸಂಪಾದಕರು ಫೋನ್ ಮಾಡಿದರು. "ಎಲ್ರೀ ಲೇಖನ? ಮುಖಪುಟ ಕಾಯ್ತಿದೆ."

"ಸರ್, ಆ ಕೂಲರಿನಲ್ಲಿ ದೋಷ ಇಲ್ಲ."

"ಮತ್ತೆ ಆ ಸದ್ದು?"

"ನಮ್ಮಕ್ಕ ಸರ್. ಕೆಮ್ಮು. ಗೋಡೆ ಆಚೆಯಿಂದ."

ಸಂಪಾದಕರು ಕೆಟ್ಟವರಲ್ಲ, ಹೇಗಿದ್ದಾರೆ ಅಂತ ಕೇಳಿದರು. ಆಮೇಲೆ, "ಹಾಗಾದ್ರೆ ಇದರಲ್ಲಿ ಸುದ್ದಿ ಏನಿದೆ ಹೇಳಿ?" ಅಂದರು. ಅದೂ ನಿಜವೇ. ಪರೀಕ್ಷಾ ವಿಭಾಗದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಂಪನಿಯವನಿಗೆ ಕ್ಷಮಿಸಿ ಅಂತ ಎರಡು ಸಾಲು ಬರೆದೆ. ಲೇಖನವನ್ನೂ ಕಳಿಸಿದೆ. ಒಂದೇ ಪುಟ. ತಂಪಿಗಾಗಿ ಆದರೆ ದುಬಾರಿ ಕೂಲರ್ ಬೇಡ, ನಾಲ್ಕನೇದು ಸಾಕು, ಮೂರು ಡಿಗ್ರಿಗೆ ಅಷ್ಟು ಸುರಿಯುವುದು ಹುಚ್ಚು. ಪಕ್ಕದ ಕೋಣೆಯಲ್ಲಿ ನಿಮ್ಮವರು ಯಾರಾದರೂ ಇದ್ದರೆ ಮಾತ್ರ ಆರನೇದು ತಗೊಳ್ಳಿ. ಹೀಗೆ ಬರೆದಿದ್ದೇನೆ. ಕೊನೆಯ ಸಾಲನ್ನು ಅವರು ಹೊಡೆದುಹಾಕಬಹುದು. ಹಾಕಲಿ.

ದೊರೆ ಬರದೇ ಇದ್ದಿದ್ದರೆ ನಾನು ಇನ್ನೂ ಅದೇ ಜೇನುಹುಳುಗಳ ಜೊತೆ ಕೂತಿರುತ್ತಿದ್ದೆ. ಗೋಡೆಯಾಚೆಯ ಕೆಮ್ಮು ಕೇಳುತ್ತಲೇ ಇರಲಿಲ್ಲ.

ಮಾರ್ಚ್ 26, ಬುಧವಾರ

ಜ್ವರ ಇಳಿದಿಲ್ಲ. ಬರೆಯಲು ಏನೂ ಇಲ್ಲ.

ಮಾರ್ಚ್ 29, ಶನಿವಾರ
ಕೋಣೆ: ನೋಡಿಲ್ಲ.

ಬೆಳಗ್ಗೆ ಕಿಟಕಿ ತೆಗೆದೆ. ಮುಚ್ಚಿ ಮುಚ್ಚಿ ಚಿಲಕ ಬಿಗಿದುಹೋಗಿತ್ತು, ಬಡಗಿಯನ್ನು ಕರೆದು ಸುತ್ತಿಗೆಯಲ್ಲಿ ಹೊಡೆಸಬೇಕಾಯಿತು. ಬಾಗಿಲ ಸಂದಿಯ ಬಟ್ಟೆ ಕಿತ್ತೆ. ಗಾಳಿ ನುಗ್ಗಿದ್ದೇ ತಡ, ನನ್ನ ಅಳತೆಯ ಹಾಳೆಗಳೆಲ್ಲ ಹೊರಗಿನ ಕೋಣೆಗೆ ಹಾರಿಹೋದವು. ಅಲ್ಲೇ ಬಿದ್ದಿವೆ. ಮನೆ ಗುಡಿಸಿ, ಒರೆಸಿ, ಮತ್ತೆ ಒರೆಸಿದೆ. ಹಸಿರು ಧೂಳು ಇನ್ನೂ ಬರುತ್ತಲೇ ಇದೆ. ಪರದೆಯ ರಾಶಿಯನ್ನು ಸಭಾಂಗಣದವರು ಬಂದು ಬೇರೆ ಟೈಲರಿನ ಹತ್ತಿರ ಒಯ್ದರು.

ಮಧ್ಯಾಹ್ನ ಫೋನ್ ಬಂತು. ಅಕ್ಕ! ಕೊಳವೆ ತೆಗೆದಿದ್ದಾರಂತೆ. ಜ್ವರ ಇಳಿದಿದೆಯಂತೆ. ಧ್ವನಿ ದಾರದಷ್ಟು ತೆಳ್ಳಗಿತ್ತು.

"ಏನೋ ವಿಜ್ಞಾನಿ, ಊಟ ಆಯ್ತಾ?"

"ಆಯ್ತಕ್ಕ."

"ಸುಳ್ಳು. ಅನ್ನ ಮಾಡ್ಕೊಳ್ಳೋಕೆ ಬರಲ್ಲ ನಿಂಗೆ. ಕೆಲಸದ್ದು ಏನಾಯ್ತು?"

"ಅದಿರಲಿ ಬಿಡು. ನೀನು ಹೇಗಿದ್ದೀಯ?"

ಹೇಳಲು ಹೊರಟಳು, ಅಷ್ಟರಲ್ಲಿ ಕೆಮ್ಮು ಬಂತು. ಗುಕ್ ಅಂತ ಒಂದು, ಅಷ್ಟೇ, ಅರ್ಧಕ್ಕೇ ನುಂಗಿಕೊಂಡಳು. ಕೆಳಗೆ ಗರಗಸ ಆಗಷ್ಟೇ ನಿಂತಿತ್ತು.

"ಗಂಟೆ ಒಂದಾಯ್ತಲ್ಲ," ಅಂದಳು ಪಿಸುಮಾತಿನಲ್ಲಿ. "ಅಳತೆ ಮಾಡ್ತಿದ್ದೀಯೇನೋ? ತಡಿ, ಫೋನು ದೂರ ಹಿಡ್ಕೋತೀನಿ."

"ಬೇಡ," ಅಂದೆ. "ಬೇಡ ಅಕ್ಕ. ಹತ್ತಿರಾನೇ ಇಟ್ಕೋ. ಕೆಮ್ಮು. ಜೋರಾಗಿ ಕೆಮ್ಮು."